ಡೊಬ್ರಿನೊವ್ ತಿದ್ದುಪಡಿ

ಜ್ಲಾತಿನಾ ಚೀಟಿಯನ್ನು ಎಡಗೈಯಿಂದಲೇ ಎತ್ತಿದಳು. ಆ ವಿಭಾಗದಲ್ಲಿ ಎಲ್ಲರೂ ಹಾಗೆಯೇ ಎತ್ತುತ್ತಾರೆ. ಬಲಗೈಗೆ ಬರುವ ಚೀಟಿ ಒಳ್ಳೆಯದಲ್ಲ ಎಂದು ಯಾರು ಶುರುಮಾಡಿದರೋ ಯಾರಿಗೂ ಗೊತ್ತಿಲ್ಲ. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಪ್ರಶ್ನೆಚೀಟಿಗಳನ್ನು ಬೋರಲಾಗಿ ಹರಡಿರುತ್ತಾರೆ. ಒಂದನ್ನು ಎತ್ತಿ, ನಂಬರನ್ನು ಗಟ್ಟಿಯಾಗಿ ಓದಿ, ಹಿಂದಿನ ಬೆಂಚಿಗೆ ಹೋಗಿ ಯೋಚಿಸಿ, ಹೆಸರು ಕರೆದಾಗ ಪರೀಕ್ಷಕರ ಎದುರು ಬಂದು ಬಾಯಿಬಿಟ್ಟು ಉತ್ತರ ಹೇಳಬೇಕು. ಬೆಳಗ್ಗೆ ಅವಳ ಕೋಣೆಯ ಮನೆಯೊಡತಿ ಹೊಸ್ತಿಲ ಮುಂದೆ ಒಂದು ಚೆಂಬು ನೀರು ಚೆಲ್ಲಿ, "ಈ ನೀರು ಹರಿದಂಗೆ ಸಲೀಸಾಗಿ ಆಗ್ಲಿ, ಹೋಗ್ಬಾ ಮಗಳೇ" ಎಂದು ಕಳಿಸಿದ್ದಳು.

"ಹದಿನೇಳು" ಎಂದಳು ಜ್ಲಾತಿನಾ.

"ಕೂತ್ಕೋ" ಎಂದರು ಮೇಜಿನಾಚೆಯಿಂದ ಪರೀಕ್ಷಕಿ, ಸಹ ಪ್ರಾಧ್ಯಾಪಕಿ ರೂಸೆವಾ, ತಲೆಯೆತ್ತದೆ.

ಅವಳಿಗೆ ಉಳಿದದ್ದು ಇದೊಂದೇ ವಿಷಯ, ಮಣ್ಣಿನ ಬಲವಿಜ್ಞಾನ. ಇದು ಪಾಸಾದರೆ ಪದವಿಯ ಪ್ರಬಂಧ ಒಪ್ಪಿಸಬಹುದು. ಪ್ರಬಂಧ ಆದರೆ ಕಪ್ಪು ಸಮುದ್ರದ ದಂಡೆಯ ಭೂಕುಸಿತ ಕಚೇರಿಯಲ್ಲಿ ಅವಳಿಗೆಂದು ಒಂದು ಕೆಲಸ ಕಾದಿತ್ತು. ಶರತ್ಕಾಲದವರೆಗೆ ಕಾಯುತ್ತೇವೆ, ಅಷ್ಟರೊಳಗೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿನವರು ಖಂಡಿತವಾಗಿ ಹೇಳಿದ್ದರು. ಬೇಸಿಗೆ ರಜೆಗಳನ್ನೆಲ್ಲ ಅವಳು ಆ ಕಚೇರಿಯವರ ಜೊತೆ ಗುಡ್ಡಗಳಿಗೆ ಗೂಟ ಹೊಡೆದು, ಗೂಟ ಎಷ್ಟು ಸರಿಯಿತೆಂದು ಅಳೆಯುತ್ತ ಕಳೆದಿದ್ದಳು.

ಚೀಟಿಯ ಮೊದಲೆರಡು ಪ್ರಶ್ನೆಗಳನ್ನು ಓದಿ ಅವಳ ಉಸಿರು ನಿರಾಳವಾಯಿತು. ಜೇಡಿಮಣ್ಣಿನ ರಂಧ್ರಗಳಲ್ಲಿ ನಿಲ್ಲುವ ನೀರಿನ ಒತ್ತಡ. ಇಳಿಜಾರಿನ ಸುರಕ್ಷತಾ ಗುಣಾಂಕ. ಎರಡೂ ಅವಳು ಕೈಯಲ್ಲಿ ಮುಟ್ಟಿ ನೋಡಿದ ಸಂಗತಿಗಳು. ಮೂರನೆಯದು ಹೀಗಿತ್ತು: 'ಒದ್ದೆ ಜೇಡಿಮಣ್ಣಿನ ಇಳಿಜಾರುಗಳಿಗೆ ಡೊಬ್ರಿನೊವ್ ತಿದ್ದುಪಡಿ. ಅದರ ತತ್ವ ಹಾಗೂ ನಮ್ಮ ದೇಶದ ಎಂಜಿನಿಯರಿಂಗ್‌ನಲ್ಲಿ ಅದರ ಮಹತ್ವ.'

ಅವಳು ಅದನ್ನು ಮತ್ತೆ ಓದಿದಳು. ಪಠ್ಯಪುಸ್ತಕದ ಅಧ್ಯಾಯಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಮಗುಚಿದಳು. ಅಡಿಟಿಪ್ಪಣಿಗಳನ್ನೂ ಬಿಡಲಿಲ್ಲ. ಡೊಬ್ರಿನೊವ್ ಎಂಬ ಮನುಷ್ಯ ಎಲ್ಲಿಯೂ ಎದುರಾಗಲಿಲ್ಲ.

ಅಷ್ಟರಲ್ಲಿ ಸ್ವಿಲೆನ್ ಎಂಬ ಸಹಪಾಠಿಯ ಹೆಸರು ಕರೆದರು. ಅವನ ಚೀಟಿ ಬೇರೆ, ಆದರೆ ಅದರ ಮೂರನೆಯ ಪ್ರಶ್ನೆಯೂ ಡೊಬ್ರಿನೊವ್‌ನದೇ. ಸ್ವಿಲೆನ್ ಎದೆ ಮುಂದೆ ಮಾಡಿ ನಿಂತು ಹೇಳತೊಡಗಿದ: ಒದ್ದೆಯಾದ ಜೇಡಿಮಣ್ಣಿನ ಕಣಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಇದನ್ನು ಮೊದಲು ಗಮನಿಸಿದವರು ಡೊಬ್ರಿನೊವ್, ಆದ್ದರಿಂದ ಅಂಥ ಇಳಿಜಾರಿನ ಸುರಕ್ಷತಾ ಗುಣಾಂಕವನ್ನು ಒಂದು ದಶಾಂಶ ಒಂದು ಐದರಿಂದ ಗುಣಿಸಬೇಕು, ಯುದ್ಧಾನಂತರ ಕಟ್ಟಿದ ನಮ್ಮ ಅಣೆಕಟ್ಟುಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ. ರೂಸೆವಾ ಫೋನ್ ನೋಡುತ್ತಿದ್ದವರು "ಹ್ಞೂಂ, ಹ್ಞೂಂ" ಎಂದರು.

"ಮೂರನೇದು ಚೆನ್ನಾಗಿ ಹೇಳ್ದೆ. ಎರಡನೇದು ಎಳೆದಾಡ್ದೆ. ಐದು."

ಆರು ಅತಿ ಹೆಚ್ಚು, ಎರಡು ಬಂದರೆ ಫೇಲು. ಎರಡನೆಯ ಪ್ರಶ್ನೆಯನ್ನು ಅರ್ಧಕ್ಕೆ ನುಂಗಿದವನಿಗೆ ಐದು ಬಿತ್ತು. ಒದ್ದೆ ಮಣ್ಣು ಗಟ್ಟಿಯಾಗುತ್ತದೆ ಎಂಬ ಮಾತು ಜ್ಲಾತಿನಾಳ ಕಿವಿಗೆ ಮರಳು ಸುರಿದ ಹಾಗಿತ್ತು. ಮಳೆ ಬಂದ ಮೇಲೆ ಗಟ್ಟಿಯಾದ ಗುಡ್ಡವನ್ನು ಅವಳು ಕಂಡಿರಲಿಲ್ಲ.

ಅವಳ ಸರದಿ ಬಂತು. ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಹೇಳುವಾಗ ರೂಸೆವಾ ಫೋನನ್ನು ಬದಿಗಿಟ್ಟು ಕೇಳಿದರು. ಇನ್ನೊಂದೇ ಮೆಟ್ಟಿಲು ಬಾಕಿ ಇತ್ತು. ಸ್ವಿಲೆನ್ ಹೇಳಿದ್ದನ್ನೇ ತಿರುಗಿಸಿ ಹೇಳಿದರೆ ಸಾಕಿತ್ತು, ಅದು ಅವಳಿಗೂ ಗೊತ್ತಿತ್ತು.

"ಮೂರನೇದು?"

"ಅದರ ಬಗ್ಗೆ ಹೇಳೋಕೆ ನನ್ನ ಹತ್ರ ಏನಿಲ್ಲ ಮೇಡಂ."

"ಓದಿಲ್ಲ ಅನ್ನು."

"ಓದಿದೀನಿ. ಪುಸ್ತಕದಲ್ಲಿ ಇಲ್ಲ, ನಿಮ್ಮ ಪಾಠದಲ್ಲೂ ಬಂದಿಲ್ಲ. ಇಂಥದ್ದೊಂದು ತಿದ್ದುಪಡಿ ಇದೆ ಅಂತ್ಲೇ ನಂಗನ್ನಿಸ್ತಿಲ್ಲ."

ರೂಸೆವಾ ಕನ್ನಡಕ ತೆಗೆದರು. "ಈಗ ತಾನೆ ಸ್ವಿಲೆನ್ ಹೇಳ್ದ. ಅವನಿಗೆಲ್ಲಿ ಸಿಕ್ತು?"

"ಅದನ್ನ ನಾನೂ ಅವನನ್ನ ಕೇಳ್ಬೇಕು ಅಂತಿದೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಬೀಳದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಈಗ ಮಾತು ಜ್ಲಾತಿನಾಳನ್ನು ಮುಂದಕ್ಕೆ ತಳ್ಳಿತು. "ಡೊಬ್ರಿನೊವ್ ಯಾರು ಅಂತ ನೀವೇ ಹೇಳ್ಬಿಡಿ ಮೇಡಂ, ಕಲ್ಕೋತೀನಿ."

"ಇಲ್ಲಿ ಪ್ರಶ್ನೆ ಕೇಳೋಳು ನಾನು. ಜರ್ಮನ್ ಹೆಸರಾಗಿದ್ರೆ ಕೈಕಟ್ಕೊಂಡು ಒಪ್ಪಿಸ್ತಿದ್ದೆ. ನಮ್ಮವರು ಅಂದ್ರೆ ನಿಮಗೆಲ್ಲ ತಾತ್ಸಾರ." ಅಂಕ ಬರೆಯುವ ಅವಳ ಪುಸ್ತಿಕೆಯನ್ನು ತೆರೆಯದೆ ಹಿಂದಕ್ಕೆ ತಳ್ಳಿದರು. "ಎರಡು. ಅನ್ಯಾಯ ಅನ್ನಿಸಿದ್ರೆ ಸಮಿತಿ ಮುಂದೆ ಪರೀಕ್ಷೆ ಕೇಳು. ಸಮಿತೀಲೂ ನಾನೇ ಇರ್ತೀನಿ."

ಸ್ವಿಲೆನ್ ಕಾರಿಡಾರಿನ ಕಾಫಿ ಯಂತ್ರಕ್ಕೆ ಒರಗಿ ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದ. ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಎರಡಾ? ನಿಂಗೇನು ತಲೆ ಕೆಟ್ಟಿತ್ತಾ? ನಾನು ಅಷ್ಟು ಗಟ್ಟಿಯಾಗಿ ಉತ್ತರ ಹೇಳ್ತಿದ್ದೆ, ಕಿವಿ ಎಲ್ಲಿಟ್ಟಿದ್ದೆ?"

"ಡೊಬ್ರಿನೊವ್ ಯಾರೋ?"

"ನಂಗೇನ್ ಗೊತ್ತು. ಯಾರೋ ಸತ್ತೋದ ಪ್ರೊಫೆಸರ್ ಇರ್ಬೇಕು."

"ಒಂದು ದಶಾಂಶ ಒಂದು ಐದು?"

"ಒಂದೂವರೆ ಅಂದ್ರೆ ಜಾಸ್ತಿ ಆಯ್ತು ಅನ್ನಿಸ್ತು." ಅವನು ಸಿಪ್ಪೆ ಉಗಿದ. "ಬಾಯಿ ಪರೀಕ್ಷೇಲಿ ಸುಮ್ನೆ ನಿಂತ್ಕೋಬಾರ್ದು ಕಣೇ, ಏನಾದ್ರೂ ಹೇಳ್ಬೇಕು. ಇಷ್ಟೂ ಗೊತ್ತಿಲ್ವಾ ನಿಂಗೆ?"

"ಅದನ್ನೇ ಸಮಿತಿ ಮುಂದೆ ಬಂದು ಹೇಳ್ತೀಯಾ? ಹುಟ್ಟಿಸ್ಕೊಂಡು ಹೇಳ್ದೆ ಅಂತ?"

"ನನ್ನ ಐದನ್ನ ನಾನೇ ಕೈಯಾರೆ ಅಳಿಸ್ಕೊಳ್ಳಾ? ನೀನು ದೊಡ್ಡ ಸತ್ಯವಂತೆ ಅಂತ ನಾನ್ಯಾಕೆ ಹಾಳಾಗ್ಲಿ? ನನ್ನ ಉತ್ತರ ಫೋನಲ್ಲಿ ಕ್ಲಾಸಿನ ಗುಂಪಿಗೆ ಹಾಕಿದೀನಿ. ನಲವತ್ತು ಜನ ಥ್ಯಾಂಕ್ಸ್ ಅಂದ್ರು. ನಿಂಗೊಬ್ಳಿಗೇ ಹೊಟ್ಟೆನೋವು."

ಜ್ಲಾತಿನಾ ಅಲ್ಲಿಂದ ನೇರವಾಗಿ ರೂಸೆವಾರ ಸಹಾಯಕ ಪ್ಲಾಮೆನ್‌ನ ಕೋಣೆಗೆ ಹೋದಳು. ಚೀಟಿಗಳನ್ನು ಟೈಪ್ ಮಾಡಿ ಕತ್ತರಿಸುವುದು ಪ್ರತಿ ವರ್ಷ ಅವನ ಕೆಲಸ. ಅವನು ಬಾನಿತ್ಸಾ ಎಂಬ ಪದರಪದರದ ಚೀಸ್ ತಿನಿಸು ತಿನ್ನುತ್ತಿದ್ದ. ಕೀಲಿಮಣೆಯ ಮೇಲೆ ಉದುರಿದ ಚೂರುಗಳನ್ನು ಒರೆಸುತ್ತ, ಅವಳು ಕೇಳಿದ್ದಕ್ಕೆ ಮೊದಲು ಗೊತ್ತಿಲ್ಲ ಎಂದ, ಆಮೇಲೆ ಬಾಗಿಲು ಹಾಕಿ ಬರಲು ಹೇಳಿದ.

"ಹಳೇ ಚೀಟಿಗಳೆಲ್ಲ ಎದುರಿನ ಜೆರಾಕ್ಸ್ ಅಂಗಡೀಲಿ ಉತ್ತರದ ಸಮೇತ ಸಿಗ್ತಿದ್ವು. ಹೊಸದು ಮಾಡು ಅಂದ್ರು ಮೇಡಂ. ಪರೀಕ್ಷೆ ನಾಳಿದ್ದು ಅನ್ನೋವಾಗ ಹೇಳಿದ್ರು. ಪಾಠಗಳನ್ನ ಎಐಗೆ ಕೊಟ್ಟೆ, ಚೀಟಿ ಮಾಡು ಅಂದೆ. ಕಾಫಿ ಆರೋದ್ರೊಳಗೆ ಮಾಡ್ತು."

"ಡೊಬ್ರಿನೊವ್ ಪಾಠದಲ್ಲಿ ಇಲ್ವಲ್ಲ."

"ಪಾಠದಲ್ಲಿಲ್ಲ. ಮುಖ್ಯಸ್ಥರ ಆದೇಶ ಒಂದಿತ್ತು. ಪ್ರತಿ ಚೀಟೀಲೂ ನಮ್ಮ ದೇಶದ ವಿಜ್ಞಾನಿಯ ಕೊಡುಗೆ ಇರ್ಲೇಬೇಕು ಅಂತ. ಮಣ್ಣಿನ ವಿಷಯದಲ್ಲಿ ಅಷ್ಟೊಂದು ಜನಾನ ನಾನೆಲ್ಲಿಂದ ತರ್ಲಿ? ಅದು ತಂತು."

"ಈಗ ಕೇಳು ಅದನ್ನ. ಡೊಬ್ರಿನೊವ್ ಯಾರು ಅಂತ."

ಪ್ಲಾಮೆನ್ ಕೇಳಿದ. ಪರದೆಯ ಮೇಲೆ ಅಚ್ಚುಕಟ್ಟಾದ ಒಂದು ಪ್ಯಾರಾ ಇಳಿಯಿತು: ಗಾಬ್ರೊವೊ ಊರಿನಲ್ಲಿ ಜನನ, ವಿಯೆನ್ನಾದಲ್ಲಿ ವ್ಯಾಸಂಗ, ಸರಳ ಸ್ವಭಾವ. ಹೊಸ ಪುಟ ತೆರೆದು ಮತ್ತೆ ಕೇಳು ಎಂದಳು ಜ್ಲಾತಿನಾ. ಈ ಸಲ ಅವನು ರೂಸೆ ಊರಿನಲ್ಲಿ ಹುಟ್ಟಿ ಮಾಸ್ಕೋದಲ್ಲಿ ಓದಿದ್ದ. ಸ್ವಭಾವ ಮಾತ್ರ ಬದಲಾಗಿರಲಿಲ್ಲ.

"ಇಬ್ಬರು ಇರ್ಬಹುದು" ಎಂದ ಪ್ಲಾಮೆನ್, ತನಗೇ ನಂಬಿಕೆಯಿಲ್ಲದೆ.

"ಮೇಡಂ ಓದ್ಲಿಲ್ವಾ ಚೀಟಿಗಳನ್ನ?"

"ಮೇಲಿನ ಎರಡು ಚೀಟಿ ಓದಿ ಎಲ್ಲಕ್ಕೂ ಸಹಿ ಹಾಕಿದ್ರು. ಅವು ಚೆನ್ನಾಗಿದ್ವು."

ಚೆನ್ನಾಗಿದ್ದವು, ನಿಜ. ಜ್ಲಾತಿನಾ ಅಲ್ಲೇ ನಿಂತು ಉಳಿದ ಚೀಟಿಗಳನ್ನೂ ಪರದೆಯ ಮೇಲೆ ನೋಡಿದಳು. ಎಷ್ಟೋ ಪ್ರಶ್ನೆಗಳು ರೂಸೆವಾರ ಹಳೆಯ ಪ್ರಶ್ನೆಗಳಿಗಿಂತ ಹರಿತವಾಗಿದ್ದವು, ಯೋಚನೆ ಮಾಡಿಸುವಂತಿದ್ದವು. ಪ್ರಯೋಗಾಲಯದಲ್ಲಿ ಉಪಕರಣ ಪೂರ್ತಿ ಕೆಟ್ಟರೆ ಯಾರೂ ಮೋಸಹೋಗುವುದಿಲ್ಲ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ತೋರಿಸುವ ಉಪಕರಣವನ್ನು ಹತ್ತನೆಯ ಸಲವೂ ನಂಬಿಬಿಡುತ್ತಾರೆ. ಅದಕ್ಕೇ ಅಳೆಯುವ ಮುಂಚೆ ಪ್ರತಿಸಲ ಒರೆಹಚ್ಚಬೇಕೆಂದು ಇದೇ ವಿಭಾಗದವರು ಅವಳಿಗೆ ಮೊದಲ ವರ್ಷದಲ್ಲಿ ಕಲಿಸಿದ್ದರು.

"ಇಷ್ಟನ್ನೇ ಒಂದು ಸಾಲು ಬರೆದು ಕೊಡು."

ಪ್ಲಾಮೆನ್ ಪರದೆ ಮುಚ್ಚಿದ. "ನನ್ನ ಕೆಲಸದ ಒಪ್ಪಂದ ಸೆಪ್ಟೆಂಬರ್‌ಗೆ ಮುಗಿಯತ್ತೆ. ಮುಂದಕ್ಕೆ ಸಹಿ ಹಾಕೋರು ಯಾರು ಹೇಳು? ನೀನು ಇಲ್ಲಿಗೆ ಬಂದಿಲ್ಲ. ನಾನು ಏನೂ ಹೇಳಿಲ್ಲ. ಹಟ ಮಾಡಿದ್ರೆ, ನೀನು ಚೀಟಿ ಕದಿಯೋಕೆ ಬಂದಿದ್ದೆ ಅಂತೀನಿ."

ಅವಳು ಸಮಿತಿಯ ಮುಂದೆ ಪರೀಕ್ಷೆ ಬೇಕೆಂದು ಅರ್ಜಿ ಹಾಕಿದಳು. ತಾರೀಖು ಜುಲೈಗೆ ಬಿತ್ತು. ಅಷ್ಟರಲ್ಲಿ ಡೊಬ್ರಿನೊವ್ ಊರೂರು ಸುತ್ತಿಬಿಟ್ಟಿದ್ದ. ಜೆರಾಕ್ಸ್ ಅಂಗಡಿಯ ಹೊಸ ನೋಟ್ಸಿನಲ್ಲಿ ಸ್ವಿಲೆನ್‌ನ ಉತ್ತರ ಒಂದು ಪುಟವಾಗಿ, ಚೌಕಟ್ಟಿನೊಳಗೆ, ದಪ್ಪ ಅಕ್ಷರದಲ್ಲಿ ಕುಳಿತಿತ್ತು. ವಿಭಾಗದ ಸೂಚನಾ ಫಲಕದ ವಿಷಯಪಟ್ಟಿಗೆ ಕೆಳಗೊಂದು ಹೊಸ ಸಾಲು ಸೇರಿತ್ತು: 'ಡೊಬ್ರಿನೊವ್ ತಿದ್ದುಪಡಿ.' ಪ್ರಶ್ನೆ ಪಟ್ಟಿಯಲ್ಲಿರಲಿಲ್ಲ ಎಂದು ಅವಳು ಅರ್ಜಿಯಲ್ಲಿ ದೂರಿದ್ದಳು. ಅವರು ಪಟ್ಟಿಯನ್ನೇ ಸರಿಮಾಡಿದ್ದರು.

ಸಮಿತಿಯಲ್ಲಿ ಮೂವರು. ನಡುವೆ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಹಾಜಿಯೆವ್, ಎಡಕ್ಕೆ ರೂಸೆವಾ, ಬಲಕ್ಕೆ ಭೂವಿಜ್ಞಾನ ವಿಭಾಗದ ಬಾಕರ್ಜೀವ್ ಎಂಬ ಮುದುಕ. ಪ್ರಯೋಗಾಲಯದ ಒಂದು ಕೋಣೆ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಬಾಕರ್ಜೀವ್ ಸೋತಿದ್ದರು, ಅಂದಿನಿಂದ ರೂಸೆವಾರೊಡನೆ ಮಾತಿರಲಿಲ್ಲ. ಕಿಟಕಿಯಾಚೆ ಲಿಂಡನ್ ಮರಗಳು ಹೂ ಮುಗಿಸಿ ನಿಂತಿದ್ದವು. ಒಳಗೆ ಯಾರೂ ಕಿಟಕಿ ತೆರೆಯಲಿಲ್ಲ.

ಜ್ಲಾತಿನಾ ಚೀಟಿ ಎತ್ತಿದಳು. ಅದರಲ್ಲಿ ಡೊಬ್ರಿನೊವ್ ಇರಲಿಲ್ಲ. ಮೂರು ಪ್ರಶ್ನೆಗಳಿಗೂ ಉತ್ತರ ಹೇಳಿದಳು. ಹಾಜಿಯೆವ್ ನಡುವೆ ತಡೆದು ಕೇಳಿದ್ದಕ್ಕೂ ಹೇಳಿದಳು. ಬಾಕರ್ಜೀವ್ ಉದ್ದಕ್ಕೂ ತೂಕಡಿಸುತ್ತಿದ್ದರು.

"ನಂದೊಂದು ಹೆಚ್ಚುವರಿ ಪ್ರಶ್ನೆ" ಎಂದರು ರೂಸೆವಾ. "ಡೊಬ್ರಿನೊವ್ ತಿದ್ದುಪಡಿ."

ಹಾಜಿಯೆವ್ ಮೇಜಿನ ಮೇಲೆ ಕೈ ಚಾಚಿ, ಮಗುವಿಗೆ ಔಷಧಿ ಕುಡಿಸುವವರ ದನಿಯಲ್ಲಿ ಹೇಳಿದರು: "ನೋಡಮ್ಮಾ, ಈಗ ಅದು ಪಟ್ಟೀಲೂ ಇದೆ. ಎರಡು ಮಾತು ಹೇಳ್ಬಿಡು, ನಾವು ಬರ್ಕೋತೀವಿ, ಎಲ್ಲಾರೂ ಮನೆಗೆ ಹೋಗೋಣ. ಡೊಬ್ರಿನೊವ್ ಅವರು ಗೊತ್ತಿಲ್ಲದೋರಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಪ್ಲೊವ್‌ದಿವ್‌ನ ಒಂದು ಸಮ್ಮೇಳನದಲ್ಲಿ ನೋಡಿದ್ದೆ. ಎತ್ತರದ ಆಳು. ತುಂಬ ಸರಳ ಮನುಷ್ಯ."

ಎರಡು ಮಾತು. ಜೆರಾಕ್ಸ್ ಅಂಗಡಿಯ ಆ ಪುಟ ಅವಳಿಗೆ ಬಾಯಿಪಾಠವಾಗಿತ್ತು. ಸಿಟ್ಟಿನಿಂದ ಅಷ್ಟು ಸಲ ಓದಿದ್ದಳು. ಹೇಳಿಬಿಟ್ಟರೆ ಶರತ್ಕಾಲದಲ್ಲಿ ಗೂಟ ಹಿಡಿದು ಸಮುದ್ರದ ದಂಡೆಯಲ್ಲಿರುತ್ತಿದ್ದಳು. ಬಾಯಿ ಸ್ವಲ್ಪ ತೆರೆಯಿತು ಕೂಡ. ಆದರೆ ಆ ಗುಣಾಂಕವನ್ನು ಕಲಿತು ಪಾಸಾದವರೇ ನಾಳೆ ಪಕ್ಕದ ಮೇಜಿನಲ್ಲಿ ಕುಳಿತು ಅವಳ ಅಳತೆಗಳನ್ನು ಅದರಿಂದ ಗುಣಿಸುತ್ತಾರೆ ಎಂಬುದು ಅವಳಿಗೆ ಚಿತ್ರ ಬರೆದ ಹಾಗೆ ಕಂಡಿತು.

"ಬೋರ್ಡಿನ ಮೇಲೆ ಲೆಕ್ಕ ಮಾಡ್ಬಹುದಾ ಸರ್?"

"ಮಾಡು, ಮಾಡು."

ಅವಳು ಒಂದು ಗುಡ್ಡದ ಸೀಳುನೋಟ ಬರೆದಳು. ಮೇಲೆ ದ್ರಾಕ್ಷಿ ತೋಟ, ಕೆಳಗೆ ಜೇಡಿಮಣ್ಣಿನ ಪದರ, ಅದರ ತಳದಲ್ಲಿ ನೀರು. ಇದು ತನ್ನ ಅಜ್ಜಿಯ ಊರಿನ ಗುಡ್ಡ, ಕಚೇರಿಯವರ ಜೊತೆ ತಾನೇ ಅಳೆದದ್ದು ಎಂದಳು. ಗುಡ್ಡವನ್ನು ಹಿಡಿದು ನಿಲ್ಲಿಸುವ ಬಲ ಇಷ್ಟು, ಕೆಳಕ್ಕೆ ಎಳೆಯುವ ಬಲ ಇಷ್ಟು ಎಂದು ಸಂಖ್ಯೆಗಳನ್ನು ಬರೆದು ಭಾಗಿಸಿದಳು. ಸೊನ್ನೆ ದಶಾಂಶ ಒಂಬತ್ತು ನಾಲ್ಕು ಬಂತು.

"ಒಂದಕ್ಕಿಂತ ಕಡಿಮೆ. ಅಂದ್ರೆ ಇದು ನಿಲ್ಲಲ್ಲ, ಜಾರತ್ತೆ. ಈಗ ಡೊಬ್ರಿನೊವ್ ಅವರ ಒಂದು ದಶಾಂಶ ಒಂದು ಐದರಿಂದ ಗುಣಿಸ್ತೀನಿ." ಗುಣಿಸಿದಳು. "ಒಂದು ದಶಾಂಶ ಸೊನ್ನೆ ಎಂಟು. ಈಗ ನಿಲ್ಲತ್ತೆ. ಆದ್ರೆ ಈ ಗುಡ್ಡ ಹೋದ ಫೆಬ್ರವರೀಲಿ ಜಾರಿ ನಮ್ಮಜ್ಜಿಯ ತೋಟಾನ ರಸ್ತೆ ಮೇಲೆ ತಂದು ಹಾಕ್ತು. ತಪ್ಪು ಗುಡ್ಡದ್ದೋ ತಿದ್ದುಪಡೀದೋ, ನೀವೇ ಹೇಳಿ."

ಬಾಕರ್ಜೀವ್‌ರ ಕಣ್ಣು ತೆರೆದಿತ್ತು.

"ಅದು ಎಲ್ಲ ಜೇಡಿಗೂ ಅನ್ವಯಿಸಲ್ಲ" ಎಂದರು ರೂಸೆವಾ ತಕ್ಷಣ. "ಸಮುದ್ರದ ಕಡೆಯ ಜೇಡಿಗೆ ಬಳಸೋದೇ ತಪ್ಪು. ಡೊಬ್ರಿನೊವ್ ಹೇಳಿದ್ದು ಡ್ಯಾನ್ಯೂಬ್ ಬಯಲಿನ ಮಣ್ಣಿಗೆ."

ಅದೇ ಉಸಿರಿಗೆ ಹಾಜಿಯೆವ್, "ಹೌದೌದು, ಪರ್ವತದ ಮಣ್ಣಿಗೆ ಮಾತ್ರ" ಎಂದಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬಯಲೋ ಪರ್ವತವೋ, ಎಮಿಲಿಯಾ?" ಎಂದರು ಬಾಕರ್ಜೀವ್. ಕೋಣೆಯ ಜಗಳದ ನಂತರ ಅವರು ರೂಸೆವಾರೊಡನೆ ಆಡಿದ ಮೊದಲ ಮಾತು ಅದು. "ಎದ್ದು ಬಾ, ಸೂತ್ರ ಬರಿ. ಹುಡುಗಿ ಸೀಮೆಸುಣ್ಣ ಕೊಡ್ತಾಳೆ."

"ಪರೀಕ್ಷೆ ನನಗಲ್ಲ."

"ನಂಗೆ ಮಾಡು ಹಾಗಾದ್ರೆ. ಈ ಮನುಷ್ಯನ ಹೆಸರೇ ನಾನು ಕೇಳಿಲ್ಲ. ಈ ದೇಶದಲ್ಲಿ ಮಣ್ಣು ಅಗೆದೋರನ್ನೆಲ್ಲ ನಾನು ಬಲ್ಲೆ, ಅರ್ಧ ಜನರ ಶವಕ್ಕೆ ಹೂ ಇಟ್ಟಿದೀನಿ. ನಿಮ್ಮಿಬ್ಬರಿಗೂ ಇಷ್ಟು ಬಳಕೆ ಇದೆಯಲ್ಲ, ನನಗೂ ಪರಿಚಯ ಮಾಡ್ಸಿ. ಹಾಜಿಯೆವ್, ಎತ್ತರದ ಆಳು ಅಂದ್ಯಲ್ಲ, ಮೀಸೆ ಇತ್ತಾ?"

ಹಾಜಿಯೆವ್‌ರ ಕತ್ತು ಕೆಂಪಾಯಿತು. ಎದುರಿನ ಕಾಗದಗಳನ್ನು ಜೋಡಿಸಿದರು, ಮತ್ತೆ ಜೋಡಿಸಿದರು. "ಹೆಚ್ಚುವರಿ ಪ್ರಶ್ನೆಯನ್ನ ಕೈಬಿಟ್ಟಿದೀವಿ. ನೀನು ಹೊರಗೆ ನಿಂತಿರಮ್ಮಾ."

ಬಾಗಿಲಾಚೆ ನಿಂತರೂ ದನಿಗಳು ಕೇಳುತ್ತಿದ್ದವು. ಆರು ಎಂದರು ಬಾಕರ್ಜೀವ್. ಎರಡು ಎಂದರು ರೂಸೆವಾ. ನಾನು ನಡತೆಗೂ ಅಂಕ ಕೊಡುವವಳು ಎಂದರು. ಬಾಕರ್ಜೀವ್ ನಕ್ಕದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಕರೆದರು. ರೂಸೆವಾ ಅವಳ ಪುಸ್ತಿಕೆಯಲ್ಲಿ, ಪೆನ್ನಿನ ಮೊನೆ ಕಾಗದಕ್ಕೆ ಇಳಿಯುವಂತೆ ಒತ್ತಿ, ಮೂರು ಎಂದು ಬರೆದು ಸಹಿ ಹಾಕಿದರು. ಪಾಸಿಗೆ ಬೇಕಾದಷ್ಟು, ಅದಕ್ಕಿಂತ ಒಂದು ಗುಂಜಿ ಹೆಚ್ಚಿಲ್ಲ.

ಜ್ಲಾತಿನಾ ಪುಸ್ತಿಕೆ ತೆಗೆದುಕೊಂಡಳು, ಆದರೆ ಹೊರಡಲಿಲ್ಲ. "ಹೊರಗಿನ ಪಟ್ಟಿಯಿಂದ ಆ ಸಾಲು ತೆಗೀತೀರಾ ಸರ್?"

"ನಿನ್ನ ಮೂರು ಸಿಕ್ತಲ್ಲ" ಎಂದರು ಹಾಜಿಯೆವ್. ಈಗ ಔಷಧಿ ಕುಡಿಸುವ ದನಿ ಇರಲಿಲ್ಲ. "ಆ ಪಟ್ಟೀನ ಸರ್ಕಾರಕ್ಕೆ ಕಳಿಸಿ ಆಗಿದೆ. ಇನ್ನು ನಮ್ಮ ಮನೆ ಗುಡಿಸೋಕೆ ಬರ್ಬೇಡ. ಹೊರಡು."

ಬಾಕರ್ಜೀವ್ ಅವಳ ಹಿಂದೆಯೇ ಹೊರಬಂದು ಟೋಪಿ ಹಾಕಿಕೊಂಡರು. ಅವಳು ಕೃತಜ್ಞತೆ ಹೇಳಲು ಬಾಯಿ ತೆರೆದಾಗ ಕೈಯೆತ್ತಿ ತಡೆದರು.

"ನಿನಗೋಸ್ಕರ ಮಾಡ್ಲಿಲ್ಲ. ಆ ಕೋಣೆಗೋಸ್ಕರ ಮಾಡಿದ್ದು" ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಕಾರಿಡಾರಿನ ಬೆಂಚಿನ ಮೇಲೆ ಸಮಿತಿಯ ಮುಂದೆ ಹೋಗಲು ಕಾಯುತ್ತಿದ್ದ ಇನ್ನೊಬ್ಬ ಹುಡುಗಿ ಕುಳಿತಿದ್ದಳು, ಗೆರ್ಗಾನಾ. ಎರಡನೆಯ ಸಲ ಫೇಲಾದವಳು. ತೊಡೆಯ ಮೇಲೆ ಜೆರಾಕ್ಸ್ ಅಂಗಡಿಯ ನೋಟ್ಸು ತೆರೆದಿತ್ತು, ಆ ಚೌಕಟ್ಟಿನ ಪುಟಕ್ಕೇ. ಬೆವರಿದ ಬೆರಳು ತಾಗಿ ಅಂಚಿನ ಅಕ್ಷರಗಳು ಮಸುಕಾಗಿದ್ದವು.

"ಡೊಬ್ರಿನೊವ್ ಕೇಳಿದ್ರಾ?" ಅವಳು ಎದ್ದು ನಿಂತಳು. "ಗುಣಿಸ್ಬೇಕಾ ಭಾಗಿಸ್ಬೇಕಾ? ನಂಗೆ ಆಗಾಗ ಅದಲುಬದಲಾಗತ್ತೆ."

"ಡೊಬ್ರಿನೊವ್ ಅನ್ನೋನೇ ಇಲ್ಲ ಗೆರ್ಗಾನಾ. ಎಐ ಹುಟ್ಟಿಸಿದ್ದು. ಉಳಿದದ್ದನ್ನ ಸ್ವಿಲೆನ್ ಹುಟ್ಟಿಸ್ದ. ಒಳಗಿರೋರಿಗೂ ಈಗ ಗೊತ್ತಾಗಿದೆ. ಕೇಳಿದ್ರೆ ಹಾಗೇ ಹೇಳು."

ಗೆರ್ಗಾನಾ ಅವಳ ಮುಖವನ್ನು ಅನುಮಾನದಿಂದ ನೋಡಿದಳು. ಅಂಗಡಿಯವನು ಕೊಟ್ಟ ಹಣ್ಣನ್ನು ತಿರುವಿ ತಿರುವಿ ನೋಡುವ ಹಾಗೆ ನೋಡಿದಳು.

"ಹೇಳೋಕೆ ಇಷ್ಟ ಇಲ್ದಿದ್ರೆ ಬಿಡು. ಹಿಂಗೆ ದಾರಿ ತಪ್ಪಿಸ್ಬೇಡ."

"ನಿಜ ಕಣೇ. ಬೋರ್ಡ್ ಮೇಲೆ ಲೆಕ್ಕ ಇನ್ನೂ ಹಾಗೇ ಇರ್ಬೇಕು, ಹೋಗಿ ನೋಡು."

ಒಳಗಿಂದ ಹೆಸರು ಕರೆದರು. ಬಾಗಿಲು ತೆರೆದಾಗ, ರೂಸೆವಾ ಒದ್ದೆ ಸ್ಪಂಜು ಹಿಡಿದು ಬೋರ್ಡಿನ ಎದುರು ನಿಂತಿದ್ದು ಕಂಡಿತು. ದ್ರಾಕ್ಷಿ ತೋಟ ಆಗಲೇ ಹೋಗಿತ್ತು. ಗೆರ್ಗಾನಾ ನೋಟ್ಸನ್ನು ಚೀಲಕ್ಕೆ ತುರುಕಿ, ಹೋಗುವ ಮುಂಚೆ ಕತ್ತು ಚಾಚಿ ಜ್ಲಾತಿನಾಳ ಕೈಯಲ್ಲಿ ತೆರೆದೇ ಇದ್ದ ಪುಸ್ತಿಕೆಯೊಳಗೆ ಇಣುಕಿದಳು. ಅವಳ ಮುಖದ ಬಿಗುವು ಸಡಿಲಿತು.

"ಅದಕ್ಕೇ ಮತ್ತೆ ನಿಂಗೆ ಮೂರು" ಎಂದಳು. ತುಟಿಯಲ್ಲೇ ಒಂದು ದಶಾಂಶ ಒಂದು ಐದು, ಒಂದು ದಶಾಂಶ ಒಂದು ಐದು ಎಂದುಕೊಳ್ಳುತ್ತ ಒಳಗೆ ಹೋದಳು.